ಸುದ್ದಿಯ ವೆಚ್ಚ



ರಾಜಧಾನಿಯ ಸುದ್ದಿ ತಾನಾಗಿಯೇ ಪತ್ರಿಕೆಯನ್ನು ಸೇರುತ್ತದೆ. ಬಡವರ ಸುದ್ದಿಯನ್ನಾದರೋ ಹುಡುಕಿಕೊಂಡು ಹೋಗಬೇಕು. ಅದಕ್ಕೆ ಕಾಲವೂ ಬೇಕು, ಹಣವೂ ಬೇಕು. 1993ರಲ್ಲಿ ಪಿ. ಸಾಯಿನಾಥರು ಪತ್ರಿಕೆಯೊಂದರ ಸಂಶೋಧನ ವೇತನವನ್ನು ಪಡೆದು, ರಾಮನಾಥಪುರ, ಪುದುಕ್ಕೋಟ್ಟೈಗಳೂ ಸೇರಿದಂತೆ ದೇಶದ ಕಡುಬಡ ಜಿಲ್ಲೆಗಳಲ್ಲಿ ಸಂಚರಿಸಿದರು. ಪುದುಕ್ಕೋಟ್ಟೈಯ ಸಹಸ್ರಾರು ಗ್ರಾಮೀಣ ಸ್ತ್ರೀಯರು ಸೈಕಲ್ ಕಲಿತು ಸ್ವತಂತ್ರರಾದ ವೃತ್ತಾಂತವನ್ನು ಬರೆದರು. ಆ ಲೇಖನಗಳು 1996ರಲ್ಲಿ ಗ್ರಂಥರೂಪ ತಾಳಿದುವು; ಅದರ ಗೌರವಧನವು ಗ್ರಾಮೀಣ ಪತ್ರಕರ್ತರ ಬಹುಮಾನಕ್ಕೆ ಮೀಸಲಾಯಿತು. 2014ರಲ್ಲಿ ಅವರು ಆರಂಭಿಸಿದ ‘ಪರಿ’ ಎಂಬ ಗ್ರಾಮೀಣ ಭಾರತದ ದಾಖಲೆಯು ನಮ್ಮ ಸಂಘದಂತೆಯೇ ದಾನಿಗಳ ನೆರವನ್ನು ಅವಲಂಬಿಸಿದೆ. ಕನ್ನಡದಲ್ಲಿಯೂ ಉಚಿತವಾಗಿ ದೊರೆಯುತ್ತದೆ.

ಗೂಡಲೂರಿನ ಪಣಿಯರ ಪಾಡನ್ನು, ಮಸಿನಗುಡಿಯ ರೈತನ ಬೆಳೆಯನ್ನು ಆನೆ ತುಳಿದುದನ್ನು ಬರೆಯುವವರಾರು? ಉಳ್ಳವರು ಹಣವನ್ನು ಕೊಡಲಿ. ಮಕ್ಕಳೇ, ನೀವು ಕಣ್ಣು ಕಿವಿಗಳನ್ನು ಕೊಡಿರಿ.