ಧ್ರುವದ ನೀರ್ಗಲ್ಲೂ ನಮ್ಮ ರಾಗಿ ಹೊಲವೂ

(ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ರೈತರು ಜಾವಗಲ್ಲಿನಲ್ಲಿ ಸೇರಿದ್ದಾಗ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಈ ದಿನ ನಾನು ಭೂಮಿಯ ಎರಡು ತುದಿಗಳ ವಿಷಯ ಮಾತನಾಡುತ್ತೇನೆಂದು ತಿಳಿದು ಹಿರಿಯರೊಬ್ಬರು, "ಗೊಬ್ಬರದ ವಿಷಯ ಮುಗೀತೇನಪ್ಪ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳುವ ಮೊದಲು ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

2023ರ ಜುಲೈ ಕೊನೆಯಲ್ಲಿ ಅರಸೀಕೆರೆ ಕಡೆಯ ಒಂದು ಹಳ್ಳಿಯಲ್ಲಿ ಹದ ಮಳೆ ಬಿತ್ತು. ಮಾರನೆಯ ದಿನವೇ ನಾನು ಒಬ್ಬ ವೃದ್ಧೆಯ ಮನೆಗೆ ಹೋಗಿ, "ಅಜ್ಜಿ, ಇನ್ನು ತಡ ಮಾಡಬೇಡಿ, ರಾಗಿ ಹಾಕಿಸಿಬಿಡಿ, ಆಶ್ಲೇಷ, ಮಘೆ ಹೇಗೂ ಹಿಡಿಯುತ್ತವೆ" ಎಂದೆ. ಡಿಪ್ಲೊಮಾ ಓದಿದ ಹುಡುಗನ ಮಾತೆಂದು ನಂಬಿ ಆಕೆ ಇದ್ದ ಬೀಜವನ್ನೆಲ್ಲ ಕೂರಿಗೆಗೆ ಹಾಕಿಸಿದರು. ಆ ವರ್ಷದ ಆಗಸ್ಟ್ ತಿಂಗಳು ಇಡೀ ಭಾರತಕ್ಕೆ 1901ರಿಂದ ಈಚೆಗೆ ಅತ್ಯಂತ ಒಣ ಆಗಸ್ಟ್ ಆಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಅಜ್ಜಿಯ ಪೈರು ನಾಲ್ಕೆಲೆಯಲ್ಲಿಯೇ ಸುಟ್ಟುಹೋಯಿತು. ನಾನು ತಲೆ ತಗ್ಗಿಸಿ ಹೋಗಿ ನಿಂತಾಗ ಅವರು ಬೈಯಲಿಲ್ಲ. "ನಿನ್ನ ಲೆಕ್ಕ ನಮ್ಮ ಕಾಲದ್ದು ಕಣಪ್ಪ, ಈಗಿನ ಕಾಲದ್ದಲ್ಲ" ಎಂದರು.

ಕಾಲ ಏಕೆ ಬದಲಾಯಿತು ಎಂದು ತಿಳಿಯಬೇಕೆಂದು ಅಂದಿನಿಂದ ಓದತೊಡಗಿದೆ. ಆ ಓದು ನನ್ನನ್ನು ಧ್ರುವಪ್ರದೇಶಗಳವರೆಗೆ ಕರೆದುಕೊಂಡು ಹೋಯಿತು.

ಉತ್ತರ ಧ್ರುವದಲ್ಲಿ ನೆಲವಿಲ್ಲ, ಸಮುದ್ರವಿದೆ. ಅದರ ಮೇಲೆ ನೀರ್ಗಲ್ಲಿನ ಹೊದಿಕೆ. ದಕ್ಷಿಣ ಧ್ರುವದಲ್ಲಿ ಅಂಟಾರ್ಕ್ಟಿಕ ಎಂಬ ಖಂಡವೇ ಇದೆ. ಅದರ ಮೇಲಿನ ನೀರ್ಗಲ್ಲು ಸರಾಸರಿ ಎರಡು ಕಿಲೋಮೀಟರಿನಷ್ಟು ದಪ್ಪ. ಧ್ರುವದಲ್ಲಿ ಆರು ತಿಂಗಳು ಹಗಲು, ಆರು ತಿಂಗಳು ಇರುಳು. ಅಂಟಾರ್ಕ್ಟಿಕದ ವೊಸ್ತೋಕ್ ಎಂಬಲ್ಲಿ 1983ರ ಜುಲೈ 21ರಂದು ಉಷ್ಣಮಾನ ಸೊನ್ನೆಗಿಂತ 89.2 ಡಿಗ್ರಿ ಕೆಳಗೆ ಇಳಿದಿತ್ತು. ನಮ್ಮ ದೇಶದವರೂ ಅಲ್ಲಿ ಇದ್ದಾರೆ. ಅಂಟಾರ್ಕ್ಟಿಕದಲ್ಲಿ ಮೈತ್ರಿ, ಭಾರತಿ ಎಂಬ ಕೇಂದ್ರಗಳಿವೆ. ಉತ್ತರದಲ್ಲಿ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2008ರಲ್ಲಿ ಹಿಮಾದ್ರಿ ಎಂಬ ಕೇಂದ್ರ ತೆರೆಯಿತು. 2023ರ ಡಿಸೆಂಬರಿನಲ್ಲಿ ನಮ್ಮ ವಿಜ್ಞಾನಿಗಳು ಮೊದಲ ಬಾರಿಗೆ ಚಳಿಗಾಲದ ಅಧ್ಯಯನಕ್ಕೂ ಅಲ್ಲಿಗೆ ಹೋದರು.

ಅಲ್ಲಿ ಆಗುತ್ತಿರುವುದೇನು? 1979ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಕಾಯುತ್ತಿದೆ. ಬೇಸಿಗೆ ಮುಗಿದು ಸೆಪ್ಟೆಂಬರ್ ಬಂದಾಗ ಅಲ್ಲಿ ಉಳಿಯುವ ನೀರ್ಗಲ್ಲು 1980ರ ಸುಮಾರಿಗೆ 70 ಲಕ್ಷ ಚದರ ಕಿಲೋಮೀಟರಿನಷ್ಟಿತ್ತು. 2012ರಲ್ಲಿ ಅದು ಸುಮಾರು 34 ಲಕ್ಷಕ್ಕೆ ಇಳಿಯಿತು. ಕರಗಿಹೋದದ್ದು ಹದಿನೆಂಟು ಕರ್ನಾಟಕದಷ್ಟು ಎಂದು ತಿಳಿಯಿರಿ. ಅನಂತರ ವರ್ಷದಿಂದ ವರ್ಷಕ್ಕೆ ಹೆಚ್ಚು ಕಡಿಮೆಯಾದರೂ ಹಳೆಯ ಮಟ್ಟಕ್ಕೆ ಮರಳಿಲ್ಲ.

ಇದಕ್ಕೆ ಕಾರಣ ಸುಲಭವಾಗಿದೆ. ಸುಣ್ಣ ಬಳಿದ ಮಾಳಿಗೆ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಕಪ್ಪು ತಗಡು ಕಾಯುತ್ತದೆ. ಬಿಳಿಯ ನೀರ್ಗಲ್ಲು ಕರಗಿದಷ್ಟೂ ಕಪ್ಪು ಕಡಲು ತೆರೆದುಕೊಂಡು ಬಿಸಿಲನ್ನು ಕುಡಿಯುತ್ತದೆ. ಕಡಲು ಕಾದಷ್ಟೂ ನೀರ್ಗಲ್ಲು ಇನ್ನಷ್ಟು ಕರಗುತ್ತದೆ.

ಇನ್ನೊಂದು ಸಂಗತಿಯಿದೆ. ಅಲ್ಲಿ ಬೇಸಿಗೆಗಿಂತ ಚಳಿಗಾಲವೇ ಹೆಚ್ಚು ಬೆಚ್ಚಗಾಗುತ್ತಿದೆ. ಬೇಸಿಗೆಯ ಕಾವೆಲ್ಲ ನೀರ್ಗಲ್ಲನ್ನು ಕರಗಿಸುವುದಕ್ಕೂ ಕಡಲನ್ನು ಕಾಯಿಸುವುದಕ್ಕೂ ವೆಚ್ಚವಾಗುತ್ತದೆ. ಇರುಳು ಕವಿದ ಮೇಲೆ ಕಡಲು ಆ ಕಾವನ್ನು ಗಾಳಿಗೆ ಬಿಡುತ್ತದೆ. ಮಾಲೇಕಲ್ಲು ತಿರುಪತಿ ಬೆಟ್ಟದ ಬಂಡೆ ಹಗಲೆಲ್ಲ ಕಾದು ರಾತ್ರಿ ಬೆಚ್ಚಗಿರುವುದನ್ನು ನೀವು ಕೂತು ನೋಡಿದ್ದೀರಿ. ಇದೂ ಹಾಗೆಯೇ.

ನಮ್ಮಲ್ಲಿಯೂ ಇರುಳು ಬದಲಾಗುತ್ತಿದೆ, ಆದರೆ ಕಾರಣ ಬೇರೆ. 1901ರಿಂದ ಇಟ್ಟಿರುವ ದಾಖಲೆಯಲ್ಲಿ ಆವರೆಗೆ 2024ರಷ್ಟು ಬೆಚ್ಚಗಿನ ವರ್ಷ ಭಾರತಕ್ಕೆ ಬಂದಿರಲಿಲ್ಲ. ಆ ವರ್ಷ ಹಗಲಿನ ಉಷ್ಣಮಾನ ವಾಡಿಕೆಗಿಂತ 0.20 ಡಿಗ್ರಿ ಹೆಚ್ಚಾದರೆ ರಾತ್ರಿಯದು 0.90 ಡಿಗ್ರಿ ಹೆಚ್ಚಿತ್ತು. ಇಂಗಾಲಾಮ್ಲ ವಾಯು, ನೀರಾವಿ, ಮೋಡ ಇವು ಕಂಬಳಿಯಂತೆ ನೆಲದ ಕಾವನ್ನು ಹಿಡಿದಿಡುತ್ತವೆ. ಕಲ್ಲಿದ್ದಲು, ಎಣ್ಣೆ ಸುಟ್ಟು ನಾವು ಆ ಕಂಬಳಿಯನ್ನು ದಪ್ಪ ಮಾಡುತ್ತಿದ್ದೇವೆ. 1958ರಲ್ಲಿ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲಾಮ್ಲ 315 ಪಾಲಿತ್ತು. 2024ರಲ್ಲಿ 420ನ್ನು ದಾಟಿತ್ತು. ಅಂಟಾರ್ಕ್ಟಿಕದ ನೀರ್ಗಲ್ಲನ್ನು ಆಳಕ್ಕೆ ಕೊರೆದು, ಅದರಲ್ಲಿ ಸಿಕ್ಕಿಕೊಂಡ ಹಳೆಯ ಗಾಳಿಗುಳ್ಳೆಗಳನ್ನು ಪರೀಕ್ಷಿಸಿದ್ದಾರೆ. ಕಳೆದ 8 ಲಕ್ಷ ವರ್ಷಗಳಲ್ಲಿ, ಈಚಿನ ನೂರು ವರ್ಷ ಬಿಟ್ಟರೆ, ಅದು 300ರ ಸುಮಾರನ್ನು ಮೀರಿರಲೇ ಇಲ್ಲ.

ಹಾಗಾದರೆ ಅಜ್ಜಿಯ ರಾಗಿ ಒಣಗಿದ್ದು ಧ್ರುವದ ನೀರ್ಗಲ್ಲು ಕರಗಿದ್ದರಿಂದಲೇ? ಹಾಗೆಂದು ಹೇಳಿದರೆ ಸುಳ್ಳಾದೀತು. ಆ ವರ್ಷ ಪೆಸಿಫಿಕ್ ಸಾಗರ ಕಾದು ಎಲ್ ನಿನೊ ಹುಟ್ಟಿತ್ತು. ಅಂಥ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುವುದು ಹಿಂದಿನಿಂದಲೂ ಉಂಟು. ಭೂಮಿಯೆಲ್ಲ ಕಾದಂತೆ ಒಣಗಿದ ದಿನಗಳಲ್ಲಿ ನೆಲದ ತೇವ ಬೇಗ ಆರುತ್ತದೆ. ಸುರಿದಾಗ ಮಳೆ ಒಮ್ಮೆಲೇ ಸುರಿಯುತ್ತದೆ. ಧ್ರುವ ನಮ್ಮ ಮಳೆಯನ್ನು ಕದ್ದಿಲ್ಲ. ಇಡೀ ಮೈಗೆ ಜ್ವರ ಬಂದಾಗ ಹಣೆ ಮೊದಲು ಸುಡುವಂತೆ ಅಲ್ಲಿ ಮೊದಲು ಕಾಣಿಸಿಕೊಂಡಿದೆ, ಅಷ್ಟೆ.

ಬೇಲೂರಿನ ಬಂಧುಗಳು 2021ರ ಜನವರಿಯನ್ನು ಮರೆತಿರಲಾರರು. ಕಾಫಿ ಕಣದಲ್ಲಿ ಒಣಗಬೇಕಾದ ಕಾಲದಲ್ಲಿ ಮಳೆ ಸುರಿಯಿತು; ಹಣ್ಣು ಉದುರಿತು, ಹೂವು ಅಕಾಲದಲ್ಲಿ ಅರಳಿತು. ಹಳೇಬೀಡಿನ ದ್ವಾರಸಮುದ್ರ ಕೆರೆಯನ್ನು ಕಟ್ಟಿಸಿದವರು ಬಂದ ಮಳೆಯನ್ನು ಹಿಡಿದಿಡಬೇಕೆಂಬುದನ್ನು ಬಲ್ಲವರಾಗಿದ್ದರು. ಆ ತಿಳಿವು ಈಗ ಪ್ರತಿ ಹೊಲಕ್ಕೂ ಬೇಕಾಗಿದೆ.

ನಾನು ನಿಮ್ಮಲ್ಲಿ ವಿಜ್ಞಾಪಿಸಿಕೊಳ್ಳುವುದು ನಾಲ್ಕು ಮಾತು.

ಮೊದಲನೆಯದು, ಇದ್ದ ಬೀಜವನ್ನೆಲ್ಲ ಒಂದೇ ಹದಕ್ಕೆ ಬಿತ್ತಬೇಡಿ. ಅರ್ಧ ಉಳಿಸಿಕೊಳ್ಳಿ; ಸ್ವಲ್ಪ ಸಸಿಮಡಿ ಮಾಡಿಕೊಂಡರೆ ಮಳೆ ತಡವಾದಾಗ ನಾಟಿ ಮಾಡಬಹುದು. ತಡವಾದ ಬಿತ್ತನೆಗೆ ದೀರ್ಘಾವಧಿ ತಳಿ ಸಲ್ಲದು, ಅಲ್ಪಾವಧಿ ತಳಿಯೇ ಆಗಬೇಕು.

ಎರಡನೆಯದು, ಬದು ಹಾಕಿ, ಕೃಷಿ ಹೊಂಡ ತೆಗೆಯಿರಿ.

ಮೂರನೆಯದು, ಉದುರಿದ ತೆಂಗಿನ ಗರಿಯನ್ನೂ ಸಿಪ್ಪೆಯನ್ನೂ ಸುಡಬೇಡಿ; ಪಾತಿಗೆ ಹೊದಿಸಿ. ತೇವ ಉಳಿಯುತ್ತದೆ. ಕಾಫಿ ತೋಟದವರು ನೆರಳಿನ ಮರಗಳನ್ನು ಅವಸರದಲ್ಲಿ ಕಡಿಯಬೇಡಿ. ಬಿಸಿಲು ಹೆಚ್ಚಿದ ಅರೇಬಿಕ ಗಿಡಕ್ಕೆ ಬಿಳಿ ಕಾಂಡಕೊರಕದ ಬಾಧೆ ಹೆಚ್ಚು.

ನಾಲ್ಕನೆಯದು, ಊರಿಗೊಂದು ಮಳೆಯ ಪುಸ್ತಕ ಇಡಿ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ, ನೆರಳಿನಲ್ಲಿ ಒಂದು ಉಷ್ಣಮಾಪಕ ಸಾಕು. ಹಗಲಿನ ಹೆಚ್ಚು, ರಾತ್ರಿಯ ಕಡಿಮೆ, ಬಿದ್ದ ಮಳೆ ಇವನ್ನು ಮಕ್ಕಳು ದಿನವೂ ಬರೆಯಲಿ. ಹಿಮಾದ್ರಿಯಲ್ಲಿ ಕುಳಿತವರು ಮಾಡುವುದೂ ಇಂಥ ಕೆಲಸವನ್ನೇ. ಹತ್ತು ವರ್ಷ ಬರೆದರೆ ನಮ್ಮ ಊರಿನ ಈಗಿನ ಕಾಲದ ಲೆಕ್ಕ ನಮ್ಮ ಕೈಗೇ ಸಿಗುತ್ತದೆ.

ಆ ಅಜ್ಜಿ ಮರುವರ್ಷ ನನ್ನ ಮಾತು ಕೇಳಿದರು, ಆದರೆ ಅರ್ಧ ಬೀಜ ಮಡಕೆಯಲ್ಲಿ ಇಟ್ಟುಕೊಂಡೇ ಕೇಳಿದರು. ನೀವೂ ಹಾಗೆಯೇ ಕೇಳಿ. ನಮ್ಮ ಬ್ಲಾಕಿನ ಮೊದಲ ಮಳೆಯ ಪುಸ್ತಕಕ್ಕೆ ರೂಲು ಹಾಕಿ ತಂದಿದ್ದೇನೆ. ಯಾವ ಊರಿನವರು ಒಯ್ಯುತ್ತೀರೆಂದು ಸಭೆ ಮುಗಿದ ಮೇಲೆ ತಿಳಿಸಿ.