ಅತಿಥಿಯೂ ಮನೆಯೊಡತಿಯೂ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನು ವೇದಿಕೆಯ ಮೇಲೆ ನಿಂತನೆಂದರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವನೆಂದು ತಾವು ನಿರೀಕ್ಷಿಸುವುದು ಸಹಜವಾಗಿದೆ. ಆದರೆ ಇಂದಿನ ನಮ್ಮ ಮಾತಿಗೆ ಮೂಲವಾದುದು ಕಾವ್ಯವಲ್ಲ, ಒಬ್ಬ ವಿದ್ಯಾರ್ಥಿನಿಯ ಪ್ರಬಂಧ.

ಎಂಟನೆಯ ತರಗತಿಯ ಮಕ್ಕಳಿಗೆ ‘ನಮ್ಮ ಮನೆಗೆ ಬಂದ ಅತಿಥಿ’ ಎಂಬ ವಿಷಯವನ್ನು ಕೊಟ್ಟಿದ್ದೆವು. ತಿಥಿಯ ನಿಶ್ಚಯವಿಲ್ಲದೆ ಬರುವವನೇ ಅತಿಥಿಯೆಂದು ಪದದ ಅರ್ಥವನ್ನೂ ವಿವರಿಸಿದ್ದೆವು. ಸೋಲಿಗರ ಪೋಡಿನಿಂದ ಬರುವ ಹುಡುಗಿಯೊಬ್ಬಳು ಬರೆದುದು ಮೂರೇ ವಾಕ್ಯ: “ನಮ್ಮ ಮನೆಗೆ ಅತಿಥಿಗಳು ಬರುವುದಿಲ್ಲ. ಅವರು ನಮ್ಮ ಅವ್ವ ಕೆಲಸಕ್ಕೆ ಹೋಗುವ ಬಂಗಲೆಗೆ ಬರುತ್ತಾರೆ. ಅವ್ವ ಅವರ ಹಾಸಿಗೆ ಕೊಡವುತ್ತಾಳೆ.” ವಿಷಯವನ್ನು ವಿಸ್ತರಿಸಿಲ್ಲವೆಂದು ನಾವು ಹತ್ತಕ್ಕೆ ಮೂರು ಅಂಕಗಳನ್ನು ಹಾಕಿದೆವು. ಆದರೆ ಆ ಮೂರು ವಾಕ್ಯಗಳು ನಮ್ಮನ್ನು ಬಿಡಲಿಲ್ಲ. ಕಾಡಿನ ಹಾದಿ, ಹಕ್ಕಿಯ ದನಿ, ಬೇರು ಸೊಪ್ಪುಗಳ ಗುಣ ಇವನ್ನೆಲ್ಲ ಬಲ್ಲ ಮನೆತನದ ಹೆಣ್ಣುಮಗಳು, ತನ್ನ ಬೆಟ್ಟವನ್ನು ನೋಡಲು ಬಂದವರ ಹಾಸಿಗೆ ಕೊಡವುವ ಕೂಲಿಯಾಗಿ ಮಾತ್ರ ಏಕಿರಬೇಕು? ಅತಿಥಿ ಬರುವುದು ಅವಳ ಬೆಟ್ಟಕ್ಕೆ. ಆತಿಥೇಯಳು ಮಾತ್ರ ಅವಳಲ್ಲ!

ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದಾಗ ದೂರದ ಒಂದು ಊರಿನ ಸಮಾಚಾರ ನಮಗೆ ದೊರೆಯಿತು. ನಾವು ಆ ಊರನ್ನು ಕಣ್ಣಾರೆ ಕಂಡವರಲ್ಲ. ಓದಿ ತಿಳಿದುದನ್ನೇ ತಮ್ಮ ಮುಂದಿಡುತ್ತೇವೆ.

ಉತ್ತರಾಖಂಡದ ಪಿಥೌರಾಗಢ ಜಿಲ್ಲೆಯಲ್ಲಿ ಮುನ್ಸಿಯಾರಿ ಎಂಬ ಸ್ಥಳವಿದೆ. ಅದರ ಮಗ್ಗುಲಿನ ಹಳ್ಳಿಯೇ ಸರ್ಮೋಲಿ. ಎದುರಿಗೆ ಪಂಚಚೂಲಿ ಎಂಬ ಐದು ಹಿಮಶಿಖರಗಳು. ಚೂಲಿಯೆಂದರೆ ಒಲೆ. ಸ್ವರ್ಗಾರೋಹಣಕ್ಕೆ ಮುನ್ನ ಪಾಂಡವರು ಕಡೆಯ ಅಡಿಗೆಯನ್ನು ಮಾಡಿಕೊಂಡ ಐದು ಒಲೆಗಳು ಅವೆಂದು ಅಲ್ಲಿಯ ಜನರ ನಂಬಿಕೆ.

ಆ ಸೀಮೆಯ ಮೂಲ ನಿವಾಸಿಗಳಲ್ಲಿ ಜೋಹಾರ್ ಕಣಿವೆಯ ಶೌಕರು ಮುಖ್ಯರು. ಭೋಟಿಯ ಎಂಬ ಹೆಸರಿನಲ್ಲಿ 1967ರಲ್ಲಿ ಇವರನ್ನು ಪರಿಶಿಷ್ಟ ವರ್ಗಕ್ಕೆ ಸೇರಿಸಲಾಯಿತು. ಪೂರ್ವದಲ್ಲಿ ಇವರ ಗಂಡಸರು ಧಾನ್ಯ ಬೆಲ್ಲಗಳನ್ನು ಹೇರಿಕೊಂಡು ಕಣಿವೆಗಳನ್ನು ದಾಟಿ ಟಿಬೆಟ್ಟಿಗೆ ಹೋಗುತ್ತಿದ್ದರು. ಉಪ್ಪು ಉಣ್ಣೆಗಳನ್ನು ತರುತ್ತಿದ್ದರು. ಹೆಂಗಸರು ಆ ಉಣ್ಣೆಯನ್ನು ನೂತು ನೇಯುತ್ತಿದ್ದರು. 1962ರ ಯುದ್ಧದೊಡನೆ ಗಡಿ ಮುಚ್ಚಿತು. ತಲೆಮಾರುಗಳಿಂದ ಬಂದ ವ್ಯಾಪಾರ ನಿಂತುಹೋಯಿತು. ಭೂಪಟದ ಒಂದು ಗೆರೆ ಒಲೆಯ ಬೆಂಕಿಯವರೆಗೂ ಹೇಗೆ ಬರುತ್ತದೆಂಬುದನ್ನು, 1956ರ ರಾಜ್ಯ ಪುನರ್ವಿಂಗಡಣೆಯ ಅನಂತರವೂ ಕನ್ನಡ ನುಡಿಯುತ್ತ ತಮಿಳುನಾಡಿನಲ್ಲಿ ಬಾಳುತ್ತಿರುವ ನಮಗೆ ಯಾರೂ ಬಿಡಿಸಿ ಹೇಳಬೇಕಾದುದಿಲ್ಲ.

ಸರ್ಮೋಲಿಯ ಸ್ತ್ರೀಯರು ಮೊದಲು ಕೈಹಾಕಿದುದು ಅತಿಥಿಗಳ ಕೆಲಸಕ್ಕಲ್ಲ. 1990ರ ದಶಕದಲ್ಲಿ ‘ಮಾಟಿ’, ಅಂದರೆ ಮಣ್ಣು, ಎಂಬ ಹೆಸರಿನ ಸಂಘಟನೆಯನ್ನು ಕಟ್ಟಿಕೊಂಡು ಮದ್ಯಪಾನದ ವಿರುದ್ಧವೂ ಮನೆಯೊಳಗಿನ ಹೊಡೆತ ಬಡಿತಗಳ ವಿರುದ್ಧವೂ ನಿಂತರು. ಎರಡನೆಯದಾಗಿ ಕಾಡಿನ ಕಡೆಗೆ ತಿರುಗಿದರು. ಕುಮಾವುನ ಪ್ರದೇಶದಲ್ಲಿ 1931ರಿಂದಲೂ ವನ ಪಂಚಾಯತಿಗಳಿವೆ. ಹುಲ್ಲು, ಸೌದೆ, ಮೇವುಗಳ ವಿಷಯದಲ್ಲಿ ಗ್ರಾಮದವರೇ ಕೂಡಿ ನಿಯಮ ಮಾಡಿಕೊಂಡು ಕಾಡನ್ನು ಕಾಯುವ ವ್ಯವಸ್ಥೆಯದು. ಹುಲ್ಲು ಕೊಯ್ಯುವವಳೂ ಸೌದೆ ಹೊರುವವಳೂ ಹೆಂಗಸು. ಅಧಿಕಾರದ ಸ್ಥಾನದಲ್ಲಿ ಮಾತ್ರ ಗಂಡಸು. 2003ರಲ್ಲಿ ಪರ್ವತಾರೋಹಿಯೂ ಕೃಷಿಕಳೂ ಆದ ಮಲ್ಲಿಕಾ ವಿರ್ದಿ ಎಂಬವರು ಅಲ್ಲಿಯ ವನ ಪಂಚಾಯತಿಯ ಸರಪಂಚರಾಗಿ ಆಯ್ಕೆಯಾದರು. ಹಾಳುಬಿದ್ದಿದ್ದ ಮೇಸರ್ ಕುಂಡವೆಂಬ ಕಾಡಿನ ಕೊಳವನ್ನು ಊರವರು ಮರಳಿ ಊರ್ಜಿತಗೊಳಿಸಿದರು.

ಮೂರನೆಯದಾಗಿ ಬಂದವನು ಅತಿಥಿ. ಈಗ ಹೋಮ್‌ಸ್ಟೇ ಎಂದು ಎಲ್ಲರೂ ಕರೆಯುವ ಗೃಹವಾಸ್ತವ್ಯವನ್ನು 2004ರಲ್ಲಿ ಆರಂಭಿಸಿದರು. ಭೋಟಿಯ ಸ್ತ್ರೀಯರೂ ನೆರೆಯ ಇತರ ಕುಮಾವುನಿ ಸ್ತ್ರೀಯರೂ ಇದರಲ್ಲಿ ಕೂಡಿದ್ದಾರೆ. ಪ್ರವಾಸಿಗರು ಇರುವುದು ಅವರ ಮನೆಯಲ್ಲಿಯೇ. ಉಣ್ಣುವುದು ಆ ಮನೆಯ ಅಡಿಗೆಯನ್ನೇ. ಹಕ್ಕಿಗಳನ್ನು ಗುರುತಿಸಿ ತೋರಿಸುವ, ಚಾರಣಕ್ಕೆ ದಾರಿ ತೋರುವ ಕೆಲಸವನ್ನೂ ಆ ಸ್ತ್ರೀಯರೇ ಕಲಿತರು. ಗಮನಿಸಬೇಕಾದ ಅಂಶವೆಂದರೆ, ಈ ವೃತ್ತಿಯನ್ನು ಅವರು ಕಾಡಿನ ರಕ್ಷಣೆಗೆ ಕಟ್ಟಿಹಾಕಿದರು. ವರಮಾನದಲ್ಲಿ ಒಂದು ಪಾಲು ಕಾಡಿಗೆ ಸಲ್ಲುವಂತೆ ಮಾಡಿದರು. 2023ರಲ್ಲಿ ಕೇಂದ್ರ ಸರಕಾರದ ಪ್ರವಾಸೋದ್ಯಮ ಸಚಿವಾಲಯವು ಸರ್ಮೋಲಿಯನ್ನು ಶ್ರೇಷ್ಠ ಪ್ರವಾಸಿ ಗ್ರಾಮವೆಂದು ಗೌರವಿಸಿತು.

ಮಹನೀಯರೆ, ಪ್ರಶಸ್ತಿಗಿಂತ ಆ ಅನುಕ್ರಮ ನಮಗೆ ದೊಡ್ಡದೆಂದು ತೋರುತ್ತದೆ. ಮೊದಲು ಸಂಘ, ಅನಂತರ ಕಾಡು, ಆಮೇಲೆ ಅತಿಥಿ. ಈ ಕ್ರಮ ತಲೆಕೆಳಗಾದರೆ ಫಲವೂ ತಲೆಕೆಳಗಾಗುತ್ತದೆ. ಒಗ್ಗಟ್ಟಿಲ್ಲದ ಊರಿಗೆ ಮೊದಲು ಅತಿಥಿ ಬಂದರೆ, ಅವನ ಹಿಂದೆಯೇ ಹಣವಂತನು ಬರುತ್ತಾನೆ, ಭೂಮಿ ಕೈಬಿಡುತ್ತದೆ, ಭೂಮಿಯ ಒಡತಿ ಅದೇ ಭೂಮಿಯ ಮೇಲೆ ಕಸಬರಿಗೆ ಹಿಡಿಯುತ್ತಾಳೆ.

ಇದರಲ್ಲಿ ಕಷ್ಟವಿಲ್ಲವೆಂದು ನಾವು ಹೇಳುವುದಿಲ್ಲ. ಹೊಲ, ಹಟ್ಟಿ, ಮಕ್ಕಳು ಇವುಗಳ ಮೇಲೆ ಅತಿಥಿಯ ಊಟೋಪಚಾರವೂ ಸೇರಿದರೆ ಹೆಂಗಸಿನ ದಿನ ಇನ್ನಷ್ಟು ಉದ್ದವಾಗುತ್ತದೆ. ಗಂಡಸರು ಕೈಜೋಡಿಸದಿದ್ದರೆ ಗಳಿಕೆ ಅವಳದು, ದಣಿವೂ ಅವಳದೇ. ಅತಿಥಿಯೊಬ್ಬನನ್ನೇ ನಂಬುವುದೂ ವಿವೇಕವಲ್ಲ. 2020ರಲ್ಲಿ ಕೊರೋನಾ ವ್ಯಾಧಿಯಿಂದ ಪ್ರವಾಸವೇ ನಿಂತಿತಷ್ಟೆ! ಹೊಲವನ್ನೂ ಮಗ್ಗವನ್ನೂ ಬಿಡದವರಿಗೆ ಮಾತ್ರ ಅಂಥ ಕಾಲದಲ್ಲಿ ಆಸರೆ. ಕುಣಿತ ಹಾಡುಗಳನ್ನು ಮಾರಾಟಕ್ಕಿಡುವ ಅಪಾಯವೂ ಉಂಟು. ನಮ್ಮ ಸೋಲಿಗರ ಗೊರುಕನ ಕುಣಿತ ಅವರ ಹಬ್ಬದ್ದು. ಕಾಸು ಕೊಟ್ಟು ಚಪ್ಪಾಳೆ ತಟ್ಟಿ ಕರೆದವರಿಗಾಗಿ ಅದು ಹುಟ್ಟಿದುದಲ್ಲ. ಬೇಡವೆನ್ನುವ ಅಧಿಕಾರ ಯಾರಿಗಿದೆಯೋ ಅವರೇ ಮನೆಯ ಒಡೆಯರು.

ನಮ್ಮ ಬೆಟ್ಟಗಳ ಸ್ಥಿತಿ ಹಿಮಾಲಯದ್ದಲ್ಲ. ನಮ್ಮ ಸುತ್ತಣ ಸತ್ಯಮಂಗಲದ ಅರಣ್ಯ 2013ರಿಂದ ಹುಲಿ ಸಂರಕ್ಷಿತ ಪ್ರದೇಶವಾಗಿದೆ; ಆನೆಗಳ ದಾರಿಯಲ್ಲಿ ನಾಳೆಯೇ ಅತಿಥಿಗೃಹ ತೆರೆಯಿರೆಂದು ನಾವು ಉಪದೇಶಿಸುವುದಿಲ್ಲ. ಆದರೆ ಹಕ್ಕಿನ ದಾರಿ ಮುಚ್ಚಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ ನೆರೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಾಮುದಾಯಿಕ ಹಕ್ಕನ್ನು ಪಡೆದರು. ಅದೂ ಹುಲಿಗಳ ಕಾಡೇ ಆಗಿತ್ತು.

ನಮ್ಮ ಸಂಘ ಮಾಡಬಹುದಾದುದು ಅಲ್ಪವಾದರೂ ವ್ಯರ್ಥವಲ್ಲ. ಸೋಲಿಗರ ನುಡಿ ಕನ್ನಡದ ಬಳಗದ್ದು. ಸರಕಾರದ ಕಾಗದ ಬರುವುದು ತಮಿಳಿನಲ್ಲಿ. ಆ ಕಾಗದವನ್ನು ಓದಿ ಹೇಳುವವರು ಬೇಕು. ಗ್ರಾಮಸಭೆಯ ನಡವಳಿಯನ್ನೂ ಸಂಘದ ಲೆಕ್ಕವನ್ನೂ ಆ ತಾಯಂದಿರು ತಾವೇ ಬರೆಯುವಂತಾಗಬೇಕು. ಪ್ರತಿ ಶನಿವಾರ ಸಂಜೆ ಪೋಡಿಗೆ ಹೋಗಿ ಕಲಿಸಲು ನಾವು ಸಿದ್ಧರಿದ್ದೇವೆ; ಜತೆಗೆ ಬರುವ ಇಬ್ಬರು ತರುಣರನ್ನು ಸಂಘ ಕೊಡಲಿ. ಮುಂದಿನ ವರ್ಷ ಈ ಉತ್ಸವಕ್ಕೆ ಆ ತಾಯಂದಿರನ್ನು ಎಲೆ ಎತ್ತಲು ಕರೆಯದೆ, ಮಾತನಾಡಲು ಕರೆಯೋಣ.

ಆ ಹುಡುಗಿಯ ಪ್ರಬಂಧವನ್ನು ಮರಳಿ ತರಿಸಿಕೊಂಡು ಅಂಕವನ್ನು ತಿದ್ದಿದ್ದೇವೆ. ಏಕೆಂದು ಅವಳು ಕೇಳಿದಳು. “ತಪ್ಪು ನಮ್ಮದಮ್ಮ, ನೀನು ಸರಿಯಾಗಿಯೇ ಬರೆದಿದ್ದೆ” ಎಂದೆವು. ಅವಳ ಮನೆಗೂ ಒಂದು ದಿನ ಅತಿಥಿ ಬರಲಿ. ಅವಳ ಅವ್ವ ಬಾಗಿಲಲ್ಲಿ ನಿಂತು “ಬನ್ನಿ” ಎನ್ನಲಿ.