ಹಸುವಿನ ಮೈಕಟ್ಟೂ ಗರ್ಭಧಾರಣೆಯೂ
(ದನಗಳ ಜಾತ್ರೆಯಲ್ಲಿ ವ್ಯವಸಾಯದ ಇನ್‌ಸ್ಪೆಕ್ಟರು ಮಾಡಿದ ಉಪನ್ಯಾಸ)



ಈ ಜಾತ್ರೆಗೆ ಬಂದಿರುವ ರಾಸುಗಳನ್ನು ಬೆಳಗಿನಿಂದ ನೋಡುತ್ತ ಬಂದೆನು. ಕೆಲವು ಹಸುಗಳನ್ನು, “ಗೊಡ್ಡು ಬಿದ್ದಿದೆ, ವರ್ಷವಾದರೂ ಗಬ್ಬ ಕಟ್ಟಲಿಲ್ಲ” ಎಂದು ಹೇಳಿ ಮಾರುವುದಕ್ಕೆ ತಂದಿದ್ದಾರೆ. ಅಂಥವುಗಳ ಬೆನ್ನಿನ ಮೇಲೆ ಕೈಯಿಟ್ಟರೆ, ದೋಷವು ಅನೇಕ ವೇಳೆ ಗೋದಲಿಯಲ್ಲಿಯೇ ಇರುವುದು ತಿಳಿಯುತ್ತದೆ.

ಹಸುವು ತಿಂದ ಆಹಾರವು ಮೊದಲು ಅದರ ಪ್ರಾಣಧಾರಣೆಗೂ, ತರುವಾಯ ಹಾಲಿಗೂ, ಕಟ್ಟಕಡೆಗೆ ಹೊಸ ಗರ್ಭಕ್ಕೂ ಸಲ್ಲತಕ್ಕದ್ದು. ಈದ ಕೆಲವು ವಾರಗಳಲ್ಲಿ ಹಾಲು ಬೇಗನೆ ಏರುವುದು. ಮೇವು ತಿನ್ನುವ ಶಕ್ತಿಯು ಅಷ್ಟು ಬೇಗ ಏರುವುದಿಲ್ಲ. ಈ ಕೊರತೆಯನ್ನು ಹಸುವು ತನ್ನ ಮೈಯ ಕೊಬ್ಬನ್ನು ಕರಗಿಸಿ ತುಂಬಿಕೊಳ್ಳುವುದು. ಈಯುವಾಗಲೇ ಎಲುಬು ಕಾಣುವ ಹಸುವು ಅದನ್ನು ಎಲ್ಲಿಂದ ತಂದೀತು? ಅದರ ಹಾಲು ಇಳಿಯುವುದು. ಅಂಡಾಶಯದ ಕೆಲಸವು ನಿಂತು, 21 ದಿನಗಳಿಗೊಮ್ಮೆ ಬರಬೇಕಾದ ಬೆದೆಯೇ ಕಾಣದೆ ಹೋಗುವುದು. ಗರ್ಭದ ಅವಧಿ ಸುಮಾರು 280 ದಿನಗಳು. ವರ್ಷಕ್ಕೊಂದು ಕರು ಬೇಕೆಂದರೆ, ಈದ ಮೇಲೆ ಗಬ್ಬ ಕಟ್ಟಲು ಉಳಿಯುವ ಕಾಲ ಸುಮಾರು 85 ದಿನಗಳು ಮಾತ್ರ.

ನಮ್ಮಲ್ಲಿ ಒಂದು ರೂಢಿಯುಂಟು. ಹಾಲು ಬತ್ತಿದೊಡನೆ ಹಿಂಡಿ ಬೂಸಾಗಳನ್ನು ನಿಲ್ಲಿಸಿ, ಒಣಹುಲ್ಲಿನ ಮೇಲೆಯೇ ಹಸುವನ್ನು ಬಿಟ್ಟುಬಿಡುವುದು. ಹೊಟ್ಟೆಯಲ್ಲಿರುವ ಕರುವು ಹೆಚ್ಚಾಗಿ ಬೆಳೆಯುವುದು ಕಡೆಯ ಎರಡು ಮೂರು ತಿಂಗಳುಗಳಲ್ಲಿಯೇ. ಆಗ ಉಳಿಸಿದ ಹಿಂಡಿಯ ಬೆಲೆಯನ್ನು ಮುಂದೆ ಬಡಕಲು ಕರುವಿನಿಂದಲೂ ಬರಿದಾದ ಕೆಚ್ಚಲಿನಿಂದಲೂ ತೆರಬೇಕಾಗುವುದು.

ಹಾಗೆಂದು ಹಸುವನ್ನು ಮಿತಿಮೀರಿ ಕೊಬ್ಬಿಸುವುದೂ ಕೇಡೇ. ಅತಿಯಾಗಿ ಕೊಬ್ಬಿದ ಹಸುವಿಗೆ ಈಯುವುದು ಕಷ್ಟವಾಗುವುದುಂಟು. ಈದ ಮೇಲೆ ಅದು ಮೇವು ಬಿಟ್ಟು, ಮೈಯ ಕೊಬ್ಬು ಒಮ್ಮೆಗೇ ಕರಗಿ ಪಿತ್ತಜನಕಾಂಗದಲ್ಲಿ ತುಂಬಿ, ಕೀಟೋಸಿಸ್ ಎಂಬ ರೋಗಕ್ಕೆ ಎಡೆಯಾಗುವುದು.

ಮೈಕಟ್ಟನ್ನು ಅಳೆಯುವುದಕ್ಕೆ ಕೈಯೇ ಸಾಕು. ಪಕ್ಕೆಲುಬು, ಬೆನ್ನುಮೂಳೆ, ಸೊಂಟದ ಮೂಳೆ, ಬಾಲದ ಬುಡ, ಈ ನಾಲ್ಕು ಸ್ಥಳಗಳನ್ನು ಮುಟ್ಟಿ ನೋಡಿರಿ. ಪಶುವೈದ್ಯರು ಇದಕ್ಕೆ 1ರಿಂದ 5ರವರೆಗೆ ಅಂಕವಿಡುವರು. ಚರ್ಮವೂ ಮೂಳೆಯೂ ಮಾತ್ರವಿರುವುದು 1. ಒತ್ತಿದರೂ ಮೂಳೆ ಸಿಕ್ಕದಷ್ಟು ಕೊಬ್ಬಿರುವುದು 5. ಈಯುವಾಗ 3ರಿಂದ 3½ ಇರುವುದು ಲೇಸು. ಈದ ಮೇಲೆ ಒಂದು ಅಂಕಕ್ಕಿಂತ ಹೆಚ್ಚು ಇಳಿದರೆ ಬೆದೆಯು ತಡವಾಗುವುದು.

ಒಂದು ಗ್ರಾಮದಲ್ಲಿ ಚಿಕ್ಕ ಹಿಡುವಳಿಯವರೊಬ್ಬರು ಮೂರನೆಯ ಸೂಲಿನ ಹಸುವನ್ನು ಸಂತೆಗೆ ಹೊಡೆದುಕೊಂಡು ಹೊರಟಿದ್ದರು. ಅವರ ಮನೆಯ ಮಕ್ಕಳಿಗೆ ಮಜ್ಜಿಗೆ ಕೊಡುತ್ತಿದ್ದುದು ಅದೊಂದೇ. ಮುಟ್ಟಿ ನೋಡಿದರೆ ಅಂಕ 2ಕ್ಕೂ ಕಡಮೆ. ಮೂರು ತಿಂಗಳು ತಾಳಿರೆಂದು ಕೇಳಿಕೊಂಡೆನು. ಪಶುವೈದ್ಯರಿಂದ ಜಂತಿನ ಔಷಧ ಹಾಕಿಸಿ, ದಿನವೂ ಬೇಯಿಸಿದ ಹುರುಳಿ, ಕಡಲೆಕಾಯಿ ಹಿಂಡಿ, ಹಸಿಮೇವುಗಳನ್ನು ಕೊಟ್ಟರು. ಮೂರನೆಯ ತಿಂಗಳಲ್ಲಿ ಬೆದೆ ಕಂಡಿತು; ಅದರ ಮುಂದಿನ ಬೆದೆಯಲ್ಲಿ ಗಬ್ಬ ನಿಂತಿತು. ಆ ಹಸುವು ಈಗಲೂ ಅವರ ಕೊಟ್ಟಿಗೆಯಲ್ಲಿದೆ.

ಆದ್ದರಿಂದ ತಾವು ಮಾಡಬೇಕಾದುದಿಷ್ಟು. ಈಯುವುದಕ್ಕೆ ಎರಡು ತಿಂಗಳು ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸಿರಿ. ಹಸುವು ಬಡಕಲಾಗಿದ್ದರೆ, ಹುಲ್ಲು ಹಸಿಮೇವುಗಳ ಜೊತೆಗೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಹಿಂಡಿ ಬೂಸಾ ಮಿಶ್ರಣವನ್ನು ಕೊಡಿರಿ. ಕೊಬ್ಬಿದ್ದರೆ ಹೆಚ್ಚಿಸಬೇಡಿರಿ, ಆದರೆ ಆಗ ಉಪವಾಸವನ್ನೂ ಕೆಡವಬೇಡಿರಿ. ಈದ ಮೇಲೆ ತಿಂಡಿಯನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಏರಿಸಿರಿ. ಬೆಳಿಗ್ಗೆಯೂ ಸಾಯಂಕಾಲವೂ ಬೆದೆಯ ಗುರುತನ್ನು ನೋಡುತ್ತಿರಿ. ಈದು ಎರಡು ತಿಂಗಳಾದ ಮೇಲೆ ಗಬ್ಬ ಕಟ್ಟಿಸಿರಿ. ಮೈಕಟ್ಟು ಚೆನ್ನಾಗಿದ್ದರೂ ಗಬ್ಬ ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸತಕ್ಕದ್ದು, ಏಕೆಂದರೆ ಗರ್ಭಕೋಶದ ರೋಗಗಳೂ ಉಂಟು.

ಯಜಮಾನರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಗ್ರಾಮದಲ್ಲಿ ಯಾರಾದರೂ “ಗೊಡ್ಡು” ಎಂದು ಹಸುವಿನ ಹಗ್ಗ ಬಿಚ್ಚಿದರೆ, ಮೊದಲು ಅದರ ಬೆನ್ನನ್ನು ಮುಟ್ಟಿ ನೋಡುವಂತೆ ಹೇಳಿರಿ. ಮಾರಿದ ಹಸುವು ಹಿಂದಿರುಗಿ ಬರುವುದಿಲ್ಲ.